ಪಾಟ್ಟಿಯ ಚೀಲಕ್ಕೆ ಒಂದು ಡಬ್ಬ ಹಣ್ಣು

ಬರೆಯಿರಿ ಎಂದು ಸರ್ಕಾರ ಹೇಳಿತು. ಬರೆದವಳು ನಾನು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಎರಡು ಪುಟದಿಂದ ಒಬ್ಬ ಮುದುಕಿಯ ಮನೆ ಹೋಯಿತು.

ಇಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಎಸ್ಟೇಟು ದಕ್ಷಿಣ ಕೊಡಗಿನದು. ಹುದಿಕೇರಿಯ ಕಡೆ ಎಂದುಕೊಳ್ಳಿ, ಬಿಟ್ಟಂಗಾಲದ ಕಡೆ ಎಂದುಕೊಂಡರೂ ನನಗೆ ಅಡ್ಡಿಯಿಲ್ಲ. ಹೆಸರು, ಜಾಗ, ಫೋಟೋ ಎಲ್ಲವನ್ನೂ ಸರಿಯಾಗಿ ಹಾಕಿ ಒಮ್ಮೆ ನೋಡಿಯಾಗಿದೆ.

ನಾನು ಹುಟ್ಟಿ ಬೆಳೆದದ್ದು ಆ ಎಸ್ಟೇಟಿನ ಲೈನಿನಲ್ಲಿ. ಲೈನ್ ಎಂದರೆ ಆಳುಗಳಿಗಾಗಿ ಕಟ್ಟಿಸಿದ ಸಾಲುಮನೆ. ಒಂದೇ ಮಾಡು, ಒಂದೇ ಗೋಡೆಗೆ ಆಚೆ ಈಚೆ ಎರಡು ಸಂಸಾರ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಜಗಲಿ. ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ ಕಾಫಿ ಹಣ್ಣು ಕೊಯ್ಯಲು, ಒಂದು ವರ್ಷದ ಪಿಕ್ಕಿಂಗ್‌ಗೆಂದು ಬಂದವರು, ಅಲ್ಲೇ ಉಳಿದರು. ನಮ್ಮ ಎಡಗಡೆಯ ಮನೆಯಲ್ಲಿ ಮಲಯಾಳ, ಬಲಗಡೆ ತಮಿಳು. ಒಳಗೆ ಯಾರ ಮಾತು ಏನೇ ಇರಲಿ, ಜಗಲಿಗೆ ಬಂದರೆ ಎಲ್ಲರದ್ದೂ ಕನ್ನಡ, ಅವರವರಿಗೆ ಬಂದ ಹಾಗೆ. ಆ ಕೋಣೆಗಳಿಗೆ ಇದ್ದದ್ದು ಒಂದೇ ನಿಯಮ. ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಆ ಮನೆಯ ಒಬ್ಬರ ಹೆಸರಾದರೂ ಇರಬೇಕು. ಹೆಸರಿರುವ ತನಕ ಕೋಣೆ. ಹೆಸರು ಹೋದರೆ ಪಾತ್ರೆ ಪಡಗ ಜಗಲಿಯಿಂದ ಕೆಳಗೆ.

ಜಗಲಿಯ ಕೊನೆಯ ಕೋಣೆ ಪಾಟ್ಟಿಯದು. ಪಾಟ್ಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಲೈನಿನ ಮಕ್ಕಳಷ್ಟೇ ಅಲ್ಲ, ಅವಳಿಗಿಂತ ಹತ್ತೇ ವರ್ಷ ಚಿಕ್ಕವರೂ ಹಾಗೇ ಕರೆಯುತ್ತಿದ್ದರು. ಗಂಡ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ ಮೇಲೆ ಅವಳೊಬ್ಬಳೇ. ಮಕ್ಕಳಿಲ್ಲ. ಹಾಜರಿ ಪುಸ್ತಕದಲ್ಲಿ ಆ ಕೋಣೆಯ ಮೇಲಿದ್ದ ಹೆಸರು ಅವಳದೊಂದೇ.

ಈಗ ಡಬ್ಬದ ವಿಷಯ. ಅದನ್ನು ಸರಿಯಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ರೊಬಸ್ಟಾ ಹಣ್ಣಾಗುವುದು ಚಳಿಗೆ. ಆ ಮೂರು ತಿಂಗಳು ಹೆಂಗಸರೆಲ್ಲ ಬೆಳಿಗ್ಗೆ ಎಂಟಕ್ಕೆ ಮುಂಚೆ ತೋಟದೊಳಗಿರಬೇಕು. ಸಂಬಳ ದಿನಕ್ಕಲ್ಲ, ಕೊಯ್ದ ಹಣ್ಣಿನ ತೂಕಕ್ಕೆ. ಮಕ್ಕಳನ್ನು ಏನು ಮಾಡುವುದು? ಇಷ್ಟು ಹೆಂಗಸರು ಕೆಲಸಕ್ಕಿದ್ದರೆ ಮಕ್ಕಳಿಗೊಂದು ಮನೆ ಕಟ್ಟಿಸಬೇಕು ಎಂಬ ಕಾನೂನಿದೆ, ಅದು ದೊಡ್ಡ ಎಸ್ಟೇಟುಗಳಿಗೆ. ನಮ್ಮದು ಆ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಅಂಗನವಾಡಿ ಹೊಳೆಯಾಚೆ. ಅದರ ಬಾಗಿಲು ತೆರೆಯುವ ಹೊತ್ತಿಗೆ ನಮ್ಮವರು ಅರ್ಧ ಚೀಲ ತುಂಬಿರುತ್ತಿದ್ದರು. ಕೂಸನ್ನು ಗಿಡದ ಬುಡದಲ್ಲಿ ಮಲಗಿಸೋಣವೆಂದರೆ ಕೆಂಪಿರುವೆ, ಕೆಲವು ದಿನ ಆನೆಯ ಸುದ್ದಿ. ಬೇರೆ ಲೈನುಗಳಲ್ಲಿ ಇದಕ್ಕೆ ಒಂದೇ ಪರಿಹಾರ, ಮನೆಯ ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸುವುದು.

ನಮ್ಮ ಲೈನಿನ ಹೆಂಗಸರು ಹಾಗೆ ಮಾಡಲಿಲ್ಲ. ದಿನಕ್ಕೊಬ್ಬಳು ಲೈನಿನಲ್ಲೇ ಉಳಿದು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುವುದು. ಸಂಜೆ ತೂಕದ ಜಾಗಕ್ಕೆ ಹೋಗುವ ಮುಂಚೆ ಒಬ್ಬೊಬ್ಬಳೂ ತನ್ನ ಚೀಲದಿಂದ ಒಂದು ಡಬ್ಬ ಹಣ್ಣನ್ನು ಉಳಿದವಳ ಚೀಲಕ್ಕೆ ಸುರಿಯುವುದು. ಹಾಲಿನ ಪುಡಿಯ ದೊಡ್ಡ ಡಬ್ಬ ಅದು, ಅಂಚು ಸವೆದು ಹೊಳೆಯುತ್ತಿತ್ತು. ಮಕ್ಕಳ ಡಬ್ಬ ಎನ್ನುತ್ತಿದ್ದರು. ಅಂಚಿಗೆ ಸರಿಯಾಗಿ ಒರೆಸಿ ಕೊಡಬಾರದು, ಗೋಪುರದ ಹಾಗೆ ತುಂಬಿ ಕೊಡಬೇಕು. ಒರೆಸಿ ಕೊಟ್ಟವಳ ಮಗು ಆ ದಿನ ಅತ್ತಿತ್ತು ಎಂದು ಒಬ್ಬರನ್ನೊಬ್ಬರು ಚುಚ್ಚುತ್ತಿದ್ದರು. ತೂಕ ಬರೆದುಕೊಳ್ಳುವ ಎಸ್ಟೇಟಿನ ಗುಮಾಸ್ತರು, ಅವರನ್ನು ನಾವು ರೈಟರು ಎನ್ನುವುದು, ಉಳಿದವಳ ಹೆಸರಿನ ಮುಂದೆ ಆ ಚೀಲದ ತೂಕ ಬರೆಯುತ್ತಿದ್ದರು. ನನ್ನ ತಮ್ಮ ಹುಟ್ಟಿದಾಗ ನಾನು ಎರಡನೇ ಕ್ಲಾಸು. ಆ ಡಬ್ಬ ಇಲ್ಲದಿದ್ದರೆ ನಾನು ಎರಡನೇ ಕ್ಲಾಸಿನಲ್ಲೇ ನಿಲ್ಲುತ್ತಿದ್ದೆ.

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಪಾಟ್ಟಿಯ ಮಂಡಿ ಕೆಟ್ಟಿತು. ಇಳಿಜಾರಿನಲ್ಲಿ ನಿಂತು ಕೊಂಬೆ ಬಗ್ಗಿಸಲು ಆಗುತ್ತಿರಲಿಲ್ಲ. ಮಳೆಗಾಲಕ್ಕೆ ತೊಂದರೆಯಿಲ್ಲ, ನರ್ಸರಿಯ ಪೊಟ್ಟಣಗಳಿಗೆ ಮಣ್ಣು ತುಂಬುವ ಕೆಲಸ ಕೂತು ಮಾಡುವಂಥದ್ದು. ಆದರೆ ಪಿಕ್ಕಿಂಗ್‌ನಲ್ಲಿ ಹಣ್ಣು ಕೊಡದವರ ಹೆಸರು ಪುಸ್ತಕದಿಂದ ಹೋಗುತ್ತದೆ. ಹೆಂಗಸರು ಮೀಟಿಂಗ್ ಮಾಡಲಿಲ್ಲ, ಠರಾವು ಬರೆಯಲಿಲ್ಲ. ಸರದಿ ನಿಂತುಹೋಯಿತು, ದಿನವೂ ಪಾಟ್ಟಿಯೇ ಉಳಿದಳು, ದಿನವೂ ಅವಳ ಚೀಲಕ್ಕೇ ಡಬ್ಬ ಬಿತ್ತು, ಅಷ್ಟೇ. ಮಕ್ಕಳು ದೊಡ್ಡವರಾದ ಮೇಲೂ ಅಮ್ಮ ಡಬ್ಬ ಸುರಿಯುವುದನ್ನು ಬಿಡಲಿಲ್ಲ.

ರೈಟರಿಗೆ ಇದು ಗೊತ್ತಿತ್ತು. ಪಾಟ್ಟಿ ಕಂಕುಳಲ್ಲೊಂದು ಕೂಸು, ಸೆರಗಿಗೆ ಜೋತುಬಿದ್ದದ್ದೊಂದು, ಹೀಗೆ ತೂಕದ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ರೈಟರು ಅವಳ ಚೀಲವನ್ನು ಕೊಕ್ಕೆಗೆ ಹಾಕಿ, ಮುಖ ಎತ್ತದೆ, "ಪಾಟ್ಟಿ ಇವತ್ತೂ ಜೋರು ಕುಯ್ದಿದಾಳೆ. ವಯಸ್ಸುಡುಗೀರು ನೋಡಿ ಕಲೀಬೇಕು" ಎನ್ನುತ್ತಿದ್ದರು.

"ಕೈ ಓಡ್ತದೆ ರೈಟರೇ, ಏನ್ ಮಾಡ್ಲಿ" ಎಂದು ಪಾಟ್ಟಿ ಕೂಸಿನ ಮೂಗು ಒರೆಸುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ಆ ನಗೆಯ ಮೇಲೆ ಒಂದು ಕೋಣೆ ನಿಂತಿತ್ತು. ಇದು ನನಗೆ ಆಗ ತಿಳಿಯಲಿಲ್ಲ.

ನಾನು ಬಿ.ಎ. ಮುಗಿಸಿದೆ. ನಮ್ಮ ಲೈನಿನಲ್ಲಿ ಅಷ್ಟೇ ಅಲ್ಲ, ಆಚೀಚೆಯ ನಾಲ್ಕು ಎಸ್ಟೇಟುಗಳ ಲೈನುಗಳಲ್ಲಿ ಡಿಗ್ರಿ ಆದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸು ತಪ್ಪಿದ ದಿನ ಆರು ಕಿಲೋಮೀಟರು ನಡೆದವಳು ನಾನು, ರಜೆಯಲ್ಲಿ ಹಣ್ಣು ಕೊಯ್ದು ಪರೀಕ್ಷೆಯ ಫೀಸು ಕಟ್ಟಿದವಳು ನಾನು. ಪದವಿಯ ಕಾಗದ ತಂದ ದಿನ ಪಾಟ್ಟಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಆಮೇಲೆ ಮುಟ್ಟಿದಳು. ಅದರ ಮೂಲೆಯಲ್ಲಿದ್ದ ಬಂಗಾರದ ಬಣ್ಣದ ಮುದ್ರೆಯ ಮೇಲೆ ಬೆರಳಾಡಿಸಿ, "ಇದ್ರಲ್ಲಿ ನನ್ ಡಬ್ಬನೂ ಇದೆ, ಕಣ್ಣು" ಎಂದಳು. ಕಣ್ಣು ಎಂಬುದು ಅವಳ ತಮಿಳಿನ ಮುದ್ದು. ಹೌದು ಪಾಟ್ಟಿ ಎಂದೆ.

ತಾಲ್ಲೂಕಿನ ಒಂದು ಕಚೇರಿಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಮಹಿಳಾ ಸಂಘಗಳನ್ನು ನೋಡಿಕೊಳ್ಳುವುದು, ಫಾರಂ ತುಂಬಿಸುವುದು. ಅದರ ಎರಡನೇ ವರ್ಷದಲ್ಲಿ ಹೊಸ ಪಾಲಿಸಿ ಬಂತು. ಸಾಮಾಜಿಕ ಉದ್ಯಮಗಳನ್ನು ಗುರುತಿಸಿ ಬೆಳೆಸುವ ಪಾಲಿಸಿ. ಲಾಭಕ್ಕಿಂತ ಮೊದಲು ಜನರಿಗೆ ಉಪಕಾರವಾಗಬೇಕು, ಆದರೆ ದಾನಧರ್ಮದ ಹಾಗಲ್ಲ, ತನ್ನ ಕಾಲ ಮೇಲೆ ನಿಲ್ಲುವಂತಿರಬೇಕು, ಅಂಥವರಿಗೆ ಸರ್ಕಾರ ಬಂಡವಾಳ, ತರಬೇತಿ, ಜಾಗ ಎಲ್ಲ ಕೊಡುತ್ತದೆ. ಓದಿದಾಗ ನನ್ನ ಎದೆ ಉಬ್ಬಿತು. ಇದು ನಮ್ಮ ಲೈನು, ಇದು ನಮ್ಮ ಡಬ್ಬ, ಇವರು ಹುಡುಕುತ್ತಿರುವುದು ನಮ್ಮ ಜಗಲಿಯಲ್ಲೇ ಇದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪಲ್ಲ ಎಂದು ಈಗಲೂ ಹೇಳುತ್ತೇನೆ.

ಮಡಿಕೇರಿಯಲ್ಲಿ ಎರಡು ದಿನದ ತರಬೇತಿ. ಹೊರಗೆ ಮಂಜು, ಒಳಗೆ ಪ್ರೊಜೆಕ್ಟರು. ಕಾಲರಿಗೆ ಮೈಕು ಸಿಕ್ಕಿಸಿಕೊಂಡ ಸಲಹೆಗಾರರೊಬ್ಬರು ಬೇರೆ ಊರಿನಿಂದ ಬಂದಿದ್ದರು, ನನ್ನ ವಯಸ್ಸಿನವರೇ. ನಿಮ್ಮ ಉದ್ಯಮದ ಬಗ್ಗೆ ಎರಡೇ ನಿಮಿಷದಲ್ಲಿ ಹೇಳಿ ಎಂದರು. ಹೋಂಸ್ಟೇಯವರು, ಜೇನಿನವರು, ಪ್ಯಾಷನ್ ಫ್ರೂಟ್ ಜ್ಯೂಸಿನವರು ಎಲ್ಲ ಹೇಳಿದರು. ನಾನು ಡಬ್ಬದ ವಿಷಯ ಹೇಳಿದೆ. ಸಲಹೆಗಾರರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಅಂದ್ರೆ ದುಡ್ಡೇ ಇಲ್ದೆ ನಡೀತಿದೆ?"

"ಹೌದು ಸಾರ್."

"ಮೇಡಂ, ಇದು ಅದ್ಭುತವಾದ ಮಾಡೆಲ್. ಇದನ್ನ ಹೀಗೇ ಬರೀರಿ. ಒಂದೂ ಬಿಡಬೇಡಿ. ಆ ಅಜ್ಜಿಯ ಕಥೆಯೇ ನಿಮ್ಮ ಶಕ್ತಿ."

ನನ್ನನ್ನು ಮೇಡಂ ಎಂದು ಅಷ್ಟು ಜನರ ಮುಂದೆ ಕರೆದದ್ದು ಅದೇ ಮೊದಲು. ಮಡಿಕೇರಿಯಿಂದ ಇಳಿಯುವ ಬಸ್ಸಿನಲ್ಲಿ ತಿರುವು ತಿರುವಿಗೂ ವಾಕ್ಯ ಜೋಡಿಸಿಕೊಂಡು ಬಂದೆ.

ಆ ಭಾನುವಾರ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿದೆ. ನಮ್ಮ ಎಡಗಡೆ ಮನೆಯ ಮಲಯಾಳಿ ಅಕ್ಕ ಒಣಮೀನು ಶುಚಿ ಮಾಡುತ್ತಾ ಕೇಳಿದಳು. "ಉದ್ಯಮ ಅಂದ್ರೆ ಎಂತ ಮೋಳೇ?" ಮೋಳೇ ಎಂದರೆ ಅವಳ ಮಾತಿನಲ್ಲಿ ಮಗಳೇ.

"ನಾವು ಮಾಡ್ತಿರೋದೇ ಅಕ್ಕ. ಮಕ್ಕಳನ್ನ ನೋಡ್ಕೊಳ್ಳೋದು."

"ಅದು ಉದ್ಯಮವಾ? ಹಂಗಾರೆ ನಾನು ಹೆತ್ತಿದ್ದು ಫ್ಯಾಕ್ಟರಿ."

ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಪಾಟ್ಟಿ ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ವಿವರಿಸಿದೆ. ಮಕ್ಕಳಿಗೆ ಸರಿಯಾದ ಕೋಣೆ ಬರುತ್ತದೆ, ಕಕ್ಕಸು, ಹಾಲು, ಆಟದ ಸಾಮಾನು ಬರುತ್ತವೆ. ಪಾಟ್ಟಿಗೆ ಸರ್ಕಾರದಿಂದಲೇ ಸಂಬಳ ಬರುತ್ತದೆ. ಆ ಕೊನೆಯ ಮಾತು ಪಾಲಿಸಿಯಲ್ಲಿ ಎಲ್ಲೂ ಇರಲಿಲ್ಲ. ಅದು ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ.

ಎಲ್ಲರೂ ಎದ್ದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಹೇಳಿದಳು. "ಮಕ್ಳು ನೋಡ್ಕೋತಾರೆ ಅಂತ ಬರಿ. ಡಬ್ಬದ ಇಸ್ಯ ಬರೀಬ್ಯಾಡ."

"ಡಬ್ಬವೇ ಮುಖ್ಯ ಕಣಮ್ಮ. ಅದಿಲ್ಲದಿದ್ರೆ ಅವರು ಯಾಕೆ ಕೊಡ್ತಾರೆ?"

"ರೈಟರು ತಲೆ ಬಗ್ಗಿಸ್ಕೊಂಡು ಬರ್ಕೊತಾರಲ್ಲ, ಯಾಕೆ ಅಂತ ತಿಳ್ಕೊ. ಕೆಲವು ಕಣ್ಣಲ್ಲಿ ನೋಡೋದು. ಬಾಯಲ್ಲಿ ಆಡೋದಲ್ಲ."

"ನಿಂಗೆ ಇದೆಲ್ಲ ಅರ್ಥ ಆಗಲ್ಲ" ಎಂದೆ.

ಈ ಮಾತನ್ನು ಬರೆಯದೆ ಬಿಡಬಹುದಿತ್ತು. ಆದರೆ ಹೇಳಿದ್ದು ಹೌದು. ಹೆಬ್ಬೆಟ್ಟು ಒತ್ತಿ ನನ್ನನ್ನು ಕಾಲೇಜಿಗೆ ಸೇರಿಸಿದವಳಿಗೆ ನಾನು ಹಾಗೆ ಹೇಳಿದೆ. ಅಮ್ಮ ಸೌದೆ ಮುಂದಕ್ಕೆ ತಳ್ಳಿದಳು.

ಪಾಟ್ಟಿ ಒಪ್ಪಿದಳು. ನಾನು ಏನು ಕೇಳಿದ್ದರೂ ಅವಳು ಒಪ್ಪುತ್ತಿದ್ದಳು. ಫೋಟೋಕ್ಕೆಂದು ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟು, ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಡಬ್ಬ ಹಿಡಿದು ಜಗಲಿಯ ಕಂಬಕ್ಕೆ ಒರಗಿ ನಿಂತಳು. ಡಬ್ಬಕ್ಕೆ ಹಣ್ಣು ತುಂಬಿಸಿದವಳು ನಾನೇ, ಗೋಪುರದ ಹಾಗೆ.

ಎರಡು ಪುಟ ಬರೆದೆ. ಕನ್ನಡ ಎಂ.ಎ. ಆದವರೂ ಹಾಗೆ ಬರೆಯಲಾರರು ಎಂದು ನಮ್ಮ ಕಚೇರಿಯ ಸಾರ್ ಹೇಳಿದರು. ನಮ್ಮದು ಆಯ್ಕೆಯಾಯಿತು. ಆಯ್ಕೆಯಾದವರ ಬಗ್ಗೆ ನುಣುಪು ಕಾಗದದಲ್ಲಿ ಒಂದು ಪುಸ್ತಿಕೆ ಮಾಡಿಸಿದರು. ಅದರಲ್ಲಿ ಇಡೀ ಪುಟಕ್ಕೆ ಪಾಟ್ಟಿಯ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನದೇ ವಾಕ್ಯ: "ಆರು ವರ್ಷಗಳಿಂದ ಒಂದು ಹಣ್ಣನ್ನೂ ಕೊಯ್ಯದೆ, ಒಂದು ಲೈನಿನ ಮಕ್ಕಳನ್ನೆಲ್ಲ ಬೆಳೆಸಿದ ಅಜ್ಜಿ." ಮೂಲೆಯಲ್ಲಿ, ಸಂಸ್ಥಾಪಕಿ ಎಂದು ನನ್ನ ಹೆಸರು, ಅದರ ಮುಂದೆ ಬಿ.ಎ.

"ಮಾಡಿದ್ದೆಲ್ಲ ಪಾಟ್ಟಿ, ಶುರು ಮಾಡಿದ್ದು ಮಾತ್ರ ಇವಳಂತೆ" ಎಂದು ಮಲಯಾಳಿ ಅಕ್ಕ ನಗಾಡಿದಳು. ನಾನೂ ನಕ್ಕೆ. ಸಂಸ್ಥಾಪಕರ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ, ಪದವೀಧರರಿಗೆ ಆದ್ಯತೆ ಎಂದು ಬೇರೆ ಬರೆದಿದ್ದರು.

ಆ ಪುಸ್ತಿಕೆಯನ್ನು ಎಸ್ಟೇಟಿನ ಸಾವ್ಕಾರರಿಗೆ ಬೇರೆ ಯಾರೋ ತೋರಿಸಿದರು ಎಂದು ಹೇಳುವಂತಿದ್ದರೆ ಎಷ್ಟೋ ವಾಸಿ. ನಾನೇ ತೆಗೆದುಕೊಂಡು ಹೋದೆ. ಎರಡೂ ಕೈಯಲ್ಲಿ ಹಿಡಿದು ಹೋದೆ. ಚಿಕ್ಕವಳಿದ್ದಾಗ ಬಂಗಲೆಗೆ ಹೋದರೆ ಹಿಂದಿನ ಬಾಗಿಲಲ್ಲಿ ನಿಂತು ಕೂಗಬೇಕಿತ್ತು. ಆ ದಿನ ಮುಂದಿನ ಮೆಟ್ಟಿಲು ಹತ್ತಿದೆ. ಅವರು ಕುರ್ಚಿ ತೋರಿಸಿದರು, ಕೂತೆ. ಕಾಫಿ ತರಿಸಿದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಚೆನ್ನಾಗಿ ಬರ್ದಿದ್ದೀಯ" ಎಂದರು. ಆಮೇಲೆ ಫೋಟೋದ ಪುಟಕ್ಕೆ ತಿರುಗಿ ಬೆರಳಿಟ್ಟರು. "ಆರು ವರ್ಷದಿಂದ ಒಂದು ಹಣ್ಣೂ ಕುಯ್ದಿಲ್ವಾ?"

ನನಗೆ ಆ ಕ್ಷಣದಲ್ಲಿ ತಿಳಿಯಿತು. ಕಾಫಿ ಲೋಟ ಕೈಯಲ್ಲೇ ಇತ್ತು.

"ಅದು ಸಾರ್, ಎಲ್ಲರೂ ಸೇರಿ..."

"ಗೊತ್ತು. ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಗೊತ್ತಿಲ್ದಂಗೆ ಇದ್ದೆ. ಈ ಎಸ್ಟೇಟು ನನ್ನೊಬ್ಬಂದಲ್ಲ, ಅಣ್ಣತಮ್ಮಂದಿರ ಪಾಲಿದೆ. ಲೈನ್ ಮನೆ ಕೆಲಸದವರಿಗೆ ಮಾತ್ರ ಅಂತ ನಾವೇ ಕೂತು ಬರ್ಕೊಂಡಿದ್ದೀವಿ, ಹೋದ್ವರ್ಷ ಅದೇ ಮಾತು ಹೇಳಿ ಇಬ್ಬರನ್ನ ಬಿಡ್ಸಿದೀನಿ. ಈಗ ನೀನು ಸರ್ಕಾರದ ಸೀಲ್ ಹಾಕ್ಸಿ, ಪ್ರಿಂಟ್ ಮಾಡ್ಸಿ, ತಂದು ಕೈಗೆ ಕೊಟ್ಟಿದ್ದೀಯ. ಇನ್ನು ಗೊತ್ತಿಲ್ಲ ಅಂತ ನಾನು ಯಾರ ಹತ್ರ ಹೇಳ್ಲಿ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಪಿಕ್ಕಿಂಗ್ ಮುಗಿಯುವ ತನಕ ಕೋಣೆಯಲ್ಲಿರಲಿ ಎಂದರು. ಅದು ಅವರ ಮಟ್ಟಿಗೆ ದೊಡ್ಡ ಔದಾರ್ಯ.

ಮರುದಿನ ರೈಟರು ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಪಾಟ್ಟಿಯ ಹೆಸರಿನ ಮೇಲೆ ಗೀಟು ಎಳೆದರು. ಅಮ್ಮ ಅಲ್ಲಿದ್ದಳು. ಗೀಟು ನೆಟ್ಟಗೆ ಬರಲಿಲ್ಲವೆಂದು ಎರಡನೇ ಸಲ ಎಳೆದರಂತೆ.

ನಾನು ಕಚೇರಿಗೆ ಓಡಿದೆ. ನಮ್ಮ ಕೇಂದ್ರ ಮಂಜೂರಾಗಿದೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು, ಪಾಟ್ಟಿಯನ್ನೇ ನೇಮಿಸೋಣ, ಸಂಬಳದ ಜೊತೆ ಒಂದು ಬಾಡಿಗೆ ಕೋಣೆ ನೋಡಿದರಾಯಿತು ಎಂಬುದು ನನ್ನ ಲೆಕ್ಕಾಚಾರ. ಸಾರ್ ಮಾರ್ಗಸೂಚಿ ತೆಗೆದು ನನ್ನ ಕಡೆ ತಿರುಗಿಸಿದರು. ಆರೈಕೆ ಮಾಡುವವರು ಹತ್ತನೇ ತರಗತಿ ಪಾಸಾಗಿರಬೇಕು. ನಲವತ್ತೈದರ ಒಳಗಿರಬೇಕು. ಮಕ್ಕಳ ಆರೈಕೆಯಲ್ಲಿ ಅನುಭವ ಎಂಬ ಸಾಲಿನ ಮುಂದೆ, ಪ್ರಮಾಣಪತ್ರ ಲಗತ್ತಿಸುವುದು ಎಂದಿತ್ತು.

"ಸಾರ್, ಅವಳ ಕಥೆ ಓದಿಯೇ ಅಲ್ವಾ ಇದನ್ನ ಕೊಟ್ಟಿದ್ದು?"

"ಕಥೆ ಬೇರೆ, ನೇಮಕಾತಿ ಬೇರೆ ಅಮ್ಮ. ಪಾಲಿಸಿಯಲ್ಲಿ ಹಂಗಿದೆ, ನಾನೇನ್ ಮಾಡ್ಲಿ. ಒಂದು ಕೆಲಸ ಮಾಡು, ಅವರನ್ನ ಫಲಾನುಭವಿಗಳ ಪಟ್ಟಿಗೆ ಹಾಕು. ಅಲ್ಲಿ ವಯಸ್ಸಿನ ಮಿತಿ ಇಲ್ಲ."

"ಅದ್ರಿಂದ ಅವಳಿಗೆ ಏನು ಸಿಗುತ್ತೆ?"

ಸಾರ್ ಸ್ವಲ್ಪ ಯೋಚಿಸಿದರು. "ಹೆಸರು ಇರುತ್ತಲ್ಲ" ಎಂದರು.

ಸಲಹೆಗಾರರಿಗೆ ಫೋನ್ ಮಾಡಿದೆ. ಅವರು ಬೇರೆ ಜಿಲ್ಲೆಯಲ್ಲಿದ್ದರು. ನಮ್ಮ ಕಥೆಯನ್ನು ಅಲ್ಲಿನ ತರಬೇತಿಯಲ್ಲೂ ಹೇಳುತ್ತಿದ್ದಾರಂತೆ, ಜನ ಕಣ್ಣೊರೆಸಿಕೊಳ್ಳುತ್ತಾರಂತೆ.

ಪಟ್ಟಿಗೆ ಪಾಟ್ಟಿಯ ಹೆಸರನ್ನು ನನ್ನ ಕೈಯಾರೆ ಬರೆದೆ. ಒಂದು ಪುಸ್ತಕದಲ್ಲಿ ಹೊಡೆದುಹಾಕಿದ ಹೆಸರು, ಇನ್ನೊಂದರಲ್ಲಿ ಬರೆದು ಏನೂ ಆಗದ ಹೆಸರು. ಮಕ್ಕಳನ್ನು ನೋಡಿಕೊಂಡವಳು ಅವಳು, ಸರ್ಕಾರದ ಕಾಗದದಲ್ಲಿ ಉಪಕಾರ ಪಡೆದವಳೂ ಅವಳೇ.

ಪಾಟ್ಟಿಯ ಅಣ್ಣನ ಮಗಳು ಗೂಡಲೂರಿನ ಕಡೆ ಒಂದು ಟೀ ಎಸ್ಟೇಟಿನ ಲೈನಿನಲ್ಲಿದ್ದಳು. ಅಲ್ಲಿಗೆ ಹೋಗುವುದೆಂದಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನನ್ನು ಕರೆದಳು. ಕೋಣೆಯಲ್ಲಿ ಕಟ್ಟಿದ ಗಂಟು ಎರಡು, ಗೋಡೆಗೆ ಒರಗಿಸಿಟ್ಟ ಪುಸ್ತಿಕೆ. ಫೋಟೋದ ಪುಟವನ್ನು ತೆರೆದೇ ಇಟ್ಟಿದ್ದಳು.

"ಎಲ್ರೂ ಚೆನ್ನಾಗಿ ಬರ್ದಿದ್ದಾಳೆ ಅಂತಾರೆ. ನಂಗೆ ಯಾರೂ ಓದಿ ಹೇಳಿಲ್ಲ. ಓದು ಕಣ್ಣು."

ಬೇಡ ಪಾಟ್ಟಿ ಎಂದೆ. ಓದು ಎಂದಳು. ನೆಲದ ಮೇಲೆ ಕೂತು ಓದಿದೆ. ಗಂಡ ಬಿದ್ದು ಸತ್ತದ್ದು, ಮಂಡಿ ಕೆಟ್ಟದ್ದು, ಡಬ್ಬ, ಗೋಪುರದ ಹಾಗೆ ತುಂಬುವುದು, ರೈಟರ ತಮಾಷೆ. ಹೌದು, ಅದನ್ನೂ ಬರೆದಿದ್ದೆ. ಓದುತ್ತಾ ಹೋದ ಹಾಗೆ ನನ್ನ ವಾಕ್ಯಗಳು ನನಗೇ ನಾಚಿಕೆ ಹುಟ್ಟಿಸಿದವು. ಪಾಟ್ಟಿ ಕಾಲು ಚಾಚಿ, ಮಂಡಿಯನ್ನು ನೀವಿಕೊಳ್ಳುತ್ತಾ, ಪಾಠ ಒಪ್ಪಿಸುವ ಮಗುವನ್ನು ನೋಡುವ ಹಾಗೆ ನನ್ನ ಬಾಯನ್ನೇ ನೋಡುತ್ತಾ ಕೇಳಿದಳು. ಓದಿ ಮುಗಿಸಿದೆ.

"ಎಲ್ಲ ಸರಿಯಾಗೇ ಇದೆಯಲ್ಲ" ಎಂದಳು. "ಒಂದೂ ಸುಳ್ಳಿಲ್ಲ."

ಬೈದಿದ್ದರೆ ಇವತ್ತು ಮರೆತಿರುತ್ತಿದ್ದೆನೇನೋ.

ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಲು ಲೈನಿನ ಮಕ್ಕಳೆಲ್ಲ ರಸ್ತೆಯ ತನಕ ಹೋದವು. ಹೆಂಗಸರಿಗೆ ಹೋಗಲಾಗಲಿಲ್ಲ, ಕೆಲಸದ ಹೊತ್ತು. ಡಬ್ಬವನ್ನು ಪಾಟ್ಟಿ ತನ್ನ ಗಂಟಿನಲ್ಲೇ ಕಟ್ಟಿಕೊಂಡು ಹೋದಳು. ಪುಸ್ತಿಕೆಯನ್ನು ಬಿಟ್ಟು ಹೋಗಿದ್ದಳು. ಪಿಕ್ಕಿಂಗ್ ಮುಗಿದ ವಾರವೇ ಆ ಕೋಣೆಗೆ ಹೊರಗಿನಿಂದ ಬಂದ ಒಂದು ಕುಟುಂಬವನ್ನು ಹಾಕಿದರು.

ಮುಂದಿನ ಪಿಕ್ಕಿಂಗ್‌ಗೆ ನಮ್ಮ ಕೇಂದ್ರ ಶುರುವಾಯಿತು. ರಸ್ತೆ ಪಕ್ಕದ ಒಂದು ಹಳೆಯ ಗೋದಾಮು ಬಾಡಿಗೆಗೆ, ಗೋಡೆಯ ಮೇಲೆ ಜಿರಾಫೆಯ ಚಿತ್ರ, ನೆಲಕ್ಕೆ ಬಣ್ಣಬಣ್ಣದ ರಬ್ಬರ್ ಹಾಸು. ರಿಬ್ಬನ್ ಕತ್ತರಿಸಿದ ದಿನ ನನಗೆ ಶಾಲು ಹೊದಿಸಿದರು. ನೇಮಕವಾದ ಹುಡುಗಿ ಒಳ್ಳೆಯವಳು, ಗೋಣಿಕೊಪ್ಪದಿಂದ ಬಸ್ಸಿಗೆ ಬರಬೇಕು, ಬರುವಾಗ ಹತ್ತು. ನಮ್ಮವರು ಎಂಟಕ್ಕೆ ತೋಟದಲ್ಲಿರಬೇಕು. ಎರಡು ವರ್ಷ ತುಂಬದ ಕೂಸುಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ನಿಯಮ, ತೊಂದರೆ ಇದ್ದದ್ದು ಆ ಕೂಸುಗಳದ್ದೇ. ಡಬ್ಬ ಸುರಿಯುವುದಂತೂ ನಿಂತೇ ಹೋಗಿತ್ತು. ಸರ್ಕಾರದ ಸಂಬಳ ಇರುವವಳಿಗೆ ನಾವ್ಯಾಕೆ ಸುರಿಯಬೇಕು ಎಂದು ಕೇಳಿದರೆ ಏನು ಹೇಳುವುದು? ನಮ್ಮ ಲೈನಿನ ಒಂದು ಹುಡುಗಿ ಆ ವರ್ಷ ಐದನೇ ಕ್ಲಾಸು ಬಿಟ್ಟಳು, ತಮ್ಮನನ್ನು ನೋಡಿಕೊಳ್ಳಲು. ನಮ್ಮ ಜಗಲಿಯಲ್ಲಿ ಅದು ಮೊದಲನೆಯದು. ಕಚೇರಿಗೆ ಕಳಿಸಿದ ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಒಂದು ಪಿಕ್ಕಿಂಗ್ ಆಯಿತು. ಆಮೇಲೆ ಯೋಜನೆಯನ್ನು ಪರಿಷ್ಕರಿಸುತ್ತಿದ್ದಾರೆ, ಬೇರೆ ಇಲಾಖೆಗೆ ಹೋಗುತ್ತದೆ, ಹೊಸ ಹೆಸರು ಬರುತ್ತದೆ ಎಂದರು. ಹುಡುಗಿಗೆ ಬರಬೇಡ ಎಂದು ಹೇಳುವ ಕೆಲಸವೂ ನನಗೇ ಬಂತು. ರಬ್ಬರ್ ಹಾಸನ್ನು ಎಣಿಸಿ ವಾಪಸು ತೆಗೆದುಕೊಂಡು ಹೋದರು. ಜಿರಾಫೆ ಗೋಡೆಯಲ್ಲಿ ಉಳಿಯಿತು. ಈಗ ಅದರ ಮುಂದೆ ಗೊಬ್ಬರದ ಚೀಲ ಪೇರಿಸಿದ್ದಾರೆ, ತಲೆ ಮಾತ್ರ ಕಾಣುತ್ತದೆ.

ಕಳೆದ ಚಳಿಗಾಲ ಒಂದು ಭಾನುವಾರ ಅಮ್ಮನನ್ನು ನೋಡಲು ಹೋಗಿದ್ದೆ. ಹಣ್ಣು ಒಟ್ಟಿಗೆ ಬಂದಿತ್ತು, ಭಾನುವಾರವೂ ಪಿಕ್ಕಿಂಗ್. ಬುತ್ತಿ ತೆಗೆದುಕೊಂಡು ತೋಟಕ್ಕೆ ನಡೆದೆ. ಗಿಡದ ಕೆಳಗೆ ಟಾರ್ಪಾಲು ಹಾಸಿ ಎಲ್ಲರೂ ಕೊಯ್ಯುತ್ತಿದ್ದರು. ಮಲಯಾಳಿ ಅಕ್ಕನ ಸೊಸೆ ಬಾಣಂತಿಯಾಗಿ ಐದು ತಿಂಗಳಾಗಿತ್ತು, ಅವಳೂ ಕೊಯ್ಯುತ್ತಿದ್ದಳು. ಸಾಲಿನಲ್ಲಿ ಒಂದು ಕೂಸೂ ಇರಲಿಲ್ಲ. ಮರಕ್ಕೆ ಕಟ್ಟಿದ ತೊಟ್ಟಿಲಿಲ್ಲ, ಅಳುವಿನ ಸದ್ದಿಲ್ಲ.

"ಮಕ್ಕಳೆಲ್ಲಿ ಅಕ್ಕ?" ಎಂದೆ.

ಎಲ್ಲರ ಕೈಯೂ ಒಂದು ಗಳಿಗೆ ನಿಂತು ಮತ್ತೆ ಓಡಿತು. ಅಕ್ಕ ಕೊಂಬೆ ಬಗ್ಗಿಸುತ್ತಾ, "ಇದಾವೆ ಮೋಳೇ, ಎಲ್ಲೋ ಇದಾವೆ" ಎಂದಳು.

"ಯಾರು ನೋಡ್ಕೋತಿದಾರೆ?"

"ದೇವರು."

ಯಾರೋ ಕಿಸಕ್ಕೆಂದರು. ಅಮ್ಮ ಬುತ್ತಿಯ ಗಂಟು ಬಿಚ್ಚುತ್ತಾ ನನ್ನ ಮುಖ ನೋಡಲಿಲ್ಲ. ಸಂಜೆ ತೂಕದ ಜಾಗಕ್ಕೆ ನಾನೂ ಹೋದೆ. ಒಂದು ಚೀಲವನ್ನು ಕೊಕ್ಕೆಗೆ ಹಾಕಿದಾಗ ರೈಟರು ಏನೋ ಹೇಳಲು ಬಾಯಿ ತೆರೆದರು. ನನ್ನನ್ನು ಕಂಡರು. ಬಾಯಿ ಮುಚ್ಚಿ ತೂಕವನ್ನಷ್ಟೇ ಬರೆದುಕೊಂಡರು. ಯಾರೂ ನಗಲಿಲ್ಲ. ನಾನಲ್ಲಿಂದ ಹೊರಟರೆ ನಗುತ್ತಾರೆ ಎಂದು ಗೊತ್ತಾಯಿತು.

ರಸ್ತೆಯ ತನಕ ಅಮ್ಮ ಬಂದಳು. ಕೇಳದಿರಲು ನನ್ನಿಂದ ಆಗಲಿಲ್ಲ.

"ನಂಗೂ ಹೇಳಲ್ವೇನಮ್ಮ?"

"ನೀ ಕೆಟ್ಟೋಳಲ್ಲ" ಎಂದಳು ಅಮ್ಮ. "ಬರೀತೀಯ."

ಬಸ್ಸು ಬಂತು.

ಪಾಲಿಸಿಯ ಹೊಸ ಆವೃತ್ತಿ ಈಗ ಬಂದಿದೆ. ನನ್ನ ಗುತ್ತಿಗೆಯೂ ಮುಂದುವರಿದಿದೆ. ಈ ಸಲ ಮೊದಲು ಸಮೀಕ್ಷೆ, ಆಮೇಲೆ ಅರ್ಜಿ. ತಾಲ್ಲೂಕಿನ ಎಸ್ಟೇಟ್ ಲೈನುಗಳ ಒಂದೊಂದರ ಮುಂದೂ ಒಂದು ಪ್ರಶ್ನೆ: ಮಕ್ಕಳ ಆರೈಕೆಗೆ ಸಮುದಾಯವೇ ಮಾಡಿಕೊಂಡ ವ್ಯವಸ್ಥೆ ಇದೆಯೇ, ಇದ್ದಲ್ಲಿ ವಿವರಿಸಿ. ವಿವರಿಸಲು ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ನಮ್ಮ ಸಾರ್ ಫಾರಂಗಳನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಲೈನಿನದು ನೀನೇ ತುಂಬು, ನಿನ್ನ ಹಾಗೆ ಯಾರು ಬರೀತಾರೆ" ಎಂದರು.

ಪೆನ್ನು ತೆಗೆದು ಇಲ್ಲ ಎಂದು ಬರೆದೆ. ಅರ್ಧ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದು, ಕೆಳಗೆ ಸಹಿ ಹಾಕಿದೆ. ಸಹಿಯ ಮುಂದೆ ಬಿ.ಎ. ಎಂದು ಬರೆಯುವ ಅಭ್ಯಾಸ ನನಗೆ. ಅದನ್ನೂ ಬರೆದೆ.